ನೀರಿಗೂ ಲೆಕ್ಕ ಬೇಕು, ಆದ್ರೆ ಲೆಕ್ಕ ನಮ್ಮ ಬಿಂದಿಗೆಯಿಂದ ಶುರುವಾಗಬಾರ್ದು

ಹಾಲಿನ ಪ್ಯಾಕೆಟ್ಟು ಒಂಚೂರು ಮೆತ್ತಗಿದ್ರೆ ಎಲ್ಲಾದ್ರೂ ತೂತಾಗಿದ್ಯಾ ಅಂತ ತಿರುಗಿಸಿ ನೋಡ್ತೀವಿ. ಹೂ ಮಾರೋಳು ಮೊಳ ಹಾಕುವಾಗ ಅವಳ ಕೈ ಎಲ್ಲಿಗೆ ಮಡಚ್ತದೆ ಅಂತ ಕಣ್ಣಿಟ್ಟಿರ್ತೀವಿ. ಸೊಸೈಟೀಲಿ ಅಕ್ಕಿ ತೂಗುವಾಗ ತಕ್ಕಡಿ ನಂಬರ್ ನಿಲ್ಲೋವರೆಗೂ ಚೀಲ ಎತ್ತಲ್ಲ. ಇಷ್ಟೆಲ್ಲ ಲೆಕ್ಕ ಇಡೋ ನಾವು ನೀರಿನ ವಿಷ್ಯ ಬಂದ್ರೆ ಮಾತ್ರ "ಸಂಪು ತುಂಬ್ತಾ, ಇಲ್ವಾ" ಅಂತ ಎರಡೇ ಮಾತಲ್ಲಿ ಮುಗಿಸ್ಬಿಡ್ತೀವಿ. ಎಷ್ಟು ಬಂತು, ಎಷ್ಟು ಬಳಸಿದ್ವಿ, ಎಷ್ಟು ಎಲ್ಲೋ ಸೋರಿ ಹೋಯ್ತು, ಒಂದೂ ಗೊತ್ತಿರಲ್ಲ.

ಈಗ ಎಲ್ಲೆಲ್ಲೂ ಸ್ಮಾರ್ಟ್ ಮೀಟರ್ ಮಾತು. ಕರೆಂಟಿಗೆ ಬಂದಾಯ್ತು, ನೀರಿಗೂ ಬರ್ತದಂತೆ ಅಂತ ನಮ್ಮ ಬ್ಯಾಡರಹಳ್ಳೀಲಿ ಹೆಂಗಸರು ನಾಲ್ಕು ಜನ ಸೇರಿದ ಕಡೆಯೆಲ್ಲ ಇದೇ ಸುದ್ದಿ. ಒಬ್ರು "ಇನ್ನೇನು, ಬಾಗಿಲಿಗೆ ನೀರು ಹಾಕಿದ್ರೂ ದುಡ್ಡು ಎಣಿಸ್ತಾರೆ" ಅಂತಾರೆ. ಇನ್ನೊಬ್ರು "ಬರ್ಲಿ ಬಿಡು, ಆಗ್ಲಾದ್ರೂ ಮೇಲಿನ ಮನೆಯವರು ಕಾರು ತೊಳ್ಯೋದು ನಿಲ್ಲಿಸ್ತಾರೆ" ಅಂತಾರೆ. ನನ್ನ ಅಭಿಪ್ರಾಯ ಏನಂದ್ರೆ, ಮೀಟರ್ ಬೇಕು. ಆದ್ರೆ ಎಲ್ಲಿ ಮೊದ್ಲು ಹಾಕ್ತಾರೆ, ಅದರ ನಂಬರ್ ಯಾರ ಕೈಗೆ ಸಿಗ್ತದೆ, ದುಡ್ಡು ಯಾರು ಕಟ್ತಾರೆ, ಈ ಮೂರು ಮಾತು ಇತ್ಯರ್ಥ ಆಗ್ದೆ ಮೀಟರ್ ಬಂದ್ರೆ ಹೊರೆ ನಮ್ಮ ತಲೆ ಮೇಲೇ ಬೀಳ್ತದೆ.

ಮೊದ್ಲು ಈ ಮೀಟರ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಈಗ ಗೇಟಿನ ಹತ್ರ ಚೇಂಬರಲ್ಲಿ ಇರೋ ಹಳೇ ಮೀಟರಿನೊಳಗೆ ಒಂದು ಪುಟ್ಟ ಚಕ್ರ ಇರ್ತದೆ. ನೀರು ತಳ್ಳಿದಂಗೆ ಚಕ್ರ ತಿರುಗಿ ನಂಬರ್ ಏರ್ತದೆ. ಅದರ ತೊಂದರೆ ಏನಂದ್ರೆ, ಎರಡು ದಿನಕ್ಕೊಂದ್ಸಲ ನೀರು ಬಿಡೋ ಕಡೆ ನೀರಿಗಿಂತ ಮುಂಚೆ ಪೈಪಲ್ಲಿದ್ದ ಗಾಳಿ ಬುಸ್ ಅಂತ ಬರ್ತದಲ್ಲ, ಆ ಗಾಳಿಗೂ ಚಕ್ರ ತಿರುಗಬಹುದು. ಮರಳು, ಕೆಸರು ಸಿಕ್ಕಿದ್ರೆ ನಿಂತೂ ಹೋಗ್ತದೆ. ಹೊಸ ಮೀಟರುಗಳಲ್ಲಿ ಕೆಲವಕ್ಕೆ ಚಕ್ರಾನೇ ಇರಲ್ಲ, ಕಿವಿಗೆ ಕೇಳದ ಸದ್ದನ್ನ ನೀರೊಳಗೆ ಬಿಟ್ಟು ನೀರಿನ ವೇಗ ಅಳೀತವೆ. ಅಳೆದ ನಂಬರನ್ನ ಮೊಬೈಲ್ ಸಿಗ್ನಲ್ ಥರ ಆಫೀಸಿಗೆ ಕಳಿಸ್ತವೆ. ತಿಂಗಳಿಗೊಂದ್ಸಲ ಮನುಷ್ಯ ಬಂದು ಬಗ್ಗಿ ನೋಡಿ ಬರ್ಕೊಳ್ಳೋ ಬದಲು ಗಂಟೆಗೊಂದ್ಸಲ ಲೆಕ್ಕ ಹೋಗ್ತಿರ್ತದೆ. ಇದರ ನಿಜವಾದ ಉಪಯೋಗ ಇರೋದು ಬಿಲ್ಲಲ್ಲಲ್ಲ, ಸೋರಿಕೆ ಹಿಡಿಯೋದ್ರಲ್ಲಿ.

ಹೆಂಗೆ ಹಿಡೀತಾರೆ ಅಂದ್ರೆ ನಮ್ಮ ಅಡುಗೆ ಮನೆ ಲೆಕ್ಕಾನೇ. ಡಬ್ಬಿಗೆ ಒಂದು ಕೇಜಿ ಸಕ್ಕರೆ ಸುರಿದಿದ್ದೀವಿ, ಇಷ್ಟು ಕಾಫಿ ಮಾಡಿದ್ದೀವಿ, ಆದ್ರೂ ವಾರಕ್ಕೇ ಖಾಲಿ ಅಂದ್ರೆ ಇರುವೆನೋ ಮಕ್ಕಳೋ ಒಬ್ರು ಕೈ ಹಾಕವ್ರೆ ಅಂತ ತಾನೆ? ಹಂಗೇ ಒಂದು ಬಡಾವಣೆಗೆ ಹೋಗೋ ದೊಡ್ಡ ಪೈಪಿನ ಬಾಯಿಗೆ ಒಂದು ಮೀಟರ್, ಅದರೊಳಗಿರೋ ಮನೆ ಮನೆಗೂ ಒಂದೊಂದು ಮೀಟರ್. ಬಾಯಲ್ಲಿ ಹೋಗಿದ್ದೆಷ್ಟು, ಮನೆಗಳಿಗೆ ಸೇರಿದ್ದೆಷ್ಟು, ಕಳೆದ್ರೆ ಉಳಿಯೋದು ಸೋರಿಕೆ ಇಲ್ಲಾ ಕಳ್ಳತನ. ಇಪ್ಪತ್ನಾಲ್ಕು ಗಂಟೆ ನೀರು ಬರೋ ಊರಲ್ಲಿ ಇನ್ನೂ ಸುಲಭ. ರಾತ್ರಿ ಎರಡರಿಂದ ನಾಲ್ಕು ಗಂಟೆ ಒಳಗೆ ಎಲ್ರೂ ಮಲಗಿರ್ತಾರೆ, ಆಗ ಪೈಪಲ್ಲಿ ಓಡ್ತಿರೋ ನೀರು ಹೆಚ್ಚೂಕಮ್ಮಿ ಎಲ್ಲಾ ಸೋರಿಕೇನೆ.

ಈಗ ನಮ್ಮ ಬೆಂಗಳೂರಿನ ಲೆಕ್ಕಕ್ಕೆ ಬನ್ನಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೆಚ್ಚೂಕಮ್ಮಿ ನೂರು ಕಿಲೋಮೀಟರ್ ಬರಬೇಕು. ಅದೂ ತಗ್ಗಿಗೆ ಹರಿದು ಬರೋದಲ್ಲ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಮೇಲಕ್ಕೆ ಹತ್ತಿಸಬೇಕು. ಒಂದೊಂದು ಕೊಡಕ್ಕೂ ಕರೆಂಟ್ ಸುಡ್ತದೆ. 1974ರಲ್ಲಿ ಮೊದಲನೇ ಹಂತ ಬಂತು. ನಾಲ್ಕನೇ ಹಂತ ಮುಗಿಯೋ ಹೊತ್ತಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತ ಉದ್ಘಾಟನೆ ಆಯ್ತು, ನಗರದ ಅಂಚಿನ 110 ಹಳ್ಳಿಗೆ ಅಂತ ಇನ್ನೂ 77 ಕೋಟಿ 50 ಲಕ್ಷ ಲೀಟರ್. ಜಪಾನಿನ ಜೈಕಾ ಸಾಲದಲ್ಲಿ ಆದ ಕೆಲಸ. ಆ ಸಾಲ ತೀರಿಸೋದು ನಾವೇ, ನಮ್ಮ ಮಕ್ಕಳೇ.

ಇಷ್ಟು ಕಷ್ಟಪಟ್ಟು ತಂದ ನೀರಲ್ಲಿ ಲೆಕ್ಕಕ್ಕೆ ಸಿಗದೆ ಹೋಗೋದು ಒಂದು ಕಾಲಕ್ಕೆ ಅರ್ಧದ ಹತ್ತಿರ ಇತ್ತು. ರಿಪೇರಿ ಮಾಡಿ ಮಾಡಿ ಈಗ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅನ್ನೋ ಮಟ್ಟಕ್ಕೆ ತಂದವ್ರೆ. ಅದ್ರಲ್ಲಿ ಸೋರೋದೂ ಐತೆ, ಕಳ್ಳ ಕನೆಕ್ಷನ್ನೂ ಐತೆ, ಕೆಟ್ಟ ಮೀಟರ್ ಲೆಕ್ಕಾನೂ ಐತೆ. ಕಾಲು ಭಾಗ ಅಂತಲೇ ಹಿಡೀರಿ. ಐದು ಹಂತಾನೂ ಪೂರ್ತಿ ಓಡಿದ್ರೆ ದಿನಕ್ಕೆ 222 ಕೋಟಿ ಲೀಟರ್, ಅದ್ರಲ್ಲಿ ಕಾಲು ಅಂದ್ರೆ 55 ಕೋಟಿ. ಸಾವಿರಾರು ಕೋಟಿ ರೂಪಾಯಿ ಸುರಿದು ಐದನೇ ಹಂತದಲ್ಲಿ ತಂದ ನೀರಿದೆಯಲ್ಲ, ಹೆಚ್ಚೂಕಮ್ಮಿ ಅದರ ಮುಕ್ಕಾಲು ಪಾಲಿನಷ್ಟು ನೀರು ಲೆಕ್ಕವಿಲ್ದೆ ಹೋದಂಗೆ. ಇದನ್ನ ನೋಡಿದ್ರೆ ಪಾತ್ರೆ ತೊಳ್ಯೋ ಹೆಂಗಸಿಗೆ "ನಲ್ಲಿ ಸಣ್ಣಗೆ ಬಿಡಮ್ಮ" ಅಂತ ಬುದ್ಧಿ ಹೇಳೋ ಮುಂಚೆ ಮಣ್ಣೊಳಗಿನ ಪೈಪಿಗೆ ಬುದ್ಧಿ ಹೇಳ್ಬೇಕು ಅನ್ಸಲ್ವಾ?

ಅದಕ್ಕೇ ನಾನು ಹೇಳೋದು, ಮೊದಲ ಮೀಟರ್ ದೊಡ್ಡ ಪೈಪಿಗೆ. ಬಡಾವಣೆ ಬಡಾವಣೆಗೂ ಬಾಯಿ ಮೀಟರ್ ಹಾಕಿ, ಎಷ್ಟು ಸೋರ್ತಾ ಐತೆ ಅಂತ ಹಿಡಿದು, ಪೈಪ್ ಸರಿ ಮಾಡಿ, ಆಮೇಲೆ ನಮ್ಮ ಗೇಟಿಗೆ ಬರಲಿ. ಜಲಮಂಡಳಿ ಈ ಥರ ವಿಭಾಗ ಮಾಡಿ ಅಳೆಯೋ ಕೆಲಸಾನ ಪಶ್ಚಿಮ, ದಕ್ಷಿಣ, ಮಧ್ಯ ಭಾಗಗಳಲ್ಲಿ ಕೈಗೆತ್ಕೊಂಡಿದ್ದುಂಟು. ಹಳೇ ಬಡಾವಣೆಗೆ ಸಿಕ್ಕಿದ ಆ ಉಪಚಾರ ಹೊಸದಾಗಿ ಕಾವೇರಿ ಕಾಣ್ತಿರೋ ಅಂಚಿನ ಊರುಗಳಿಗೆ ಮೊದಲ ದಿನದಿಂದಲೇ ಸಿಗಬೇಕು. ಹೊಸ ಪೈಪ್ ಹಾಕುವಾಗಲೇ ಮೀಟರ್ ಕೂರಿಸೋದು ಸುಲಭ, ಹತ್ತು ವರ್ಷ ಆದ್ಮೇಲೆ ರಸ್ತೆ ಅಗೆಯೋದು ಕಷ್ಟ. ಮಾಗಡಿ ರೋಡಿನ ಅಗೆತ ನೋಡಿರೋ ನಮಗೆ ಅದನ್ನ ಬೇರೆ ಹೇಳ್ಬೇಕಾ!

ಸೋರಿಕೆ ಅಂದ್ರೆ ಬರೀ ದುಡ್ಡಿನ ನಷ್ಟ ಅಂದ್ಕೊಂಡಿದ್ರೆ ಇದನ್ನ ಕೇಳಿ, ಮಕ್ಕಳಿರೋ ಮನೆಯವರು ಗಮನ ಇಟ್ಟು ಕೇಳಿ. ಪೈಪಲ್ಲಿ ತೂತಿದ್ರೆ ನೀರು ಬಿಟ್ಟಾಗ ಒಳಗಿನದು ಹೊರಕ್ಕೆ ಹೋಗ್ತದೆ. ನೀರು ನಿಲ್ಲಿಸಿದಾಗ? ಒಳಗೆ ಒತ್ತಡ ಇರಲ್ಲ, ಹೊರಗಿನ ಚರಂಡಿ ನೀರು ಅದೇ ತೂತಲ್ಲಿ ಒಳಕ್ಕೆ ನುಗ್ತದೆ. ಮಾರನೇ ಸಲ ನೀರು ಬಿಟ್ಟಾಗ ಮೊದಲು ಬರೋ ಕಂದು ನೀರು, ವಾಸನೆ ನೀರು, ಅದರಲ್ಲಿ ಇದೂ ಸೇರಿರಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ಹೊಸ ಪೈಪು, ಮನೆಮನೆಗೆ ಮೀಟರ್ ಹಾಕಿ ಇಪ್ಪತ್ನಾಲ್ಕು ಗಂಟೆ ನೀರು ಕೊಡೋಕೆ ಶುರು ಮಾಡಿದ್ರು. ಬೆಳಗಾವಿ, ಕಲಬುರಗೀಲೂ ಅದೇ ಯೋಜನೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಹುಬ್ಬಳ್ಳಿ-ಧಾರವಾಡಕ್ಕೆ ಬಂದು, ಸದಾ ನೀರು ಬರೋ ವಾರ್ಡು, ಬಿಟ್ಟು ಬಿಟ್ಟು ಬರೋ ವಾರ್ಡು ಎರಡರ ನೀರನ್ನೂ ಪರೀಕ್ಷೆ ಮಾಡಿದ್ರು. ಸದಾ ಬರೋ ಕಡೆ ನಲ್ಲಿ ನೀರು ಹೆಚ್ಚು ಶುದ್ಧವಾಗಿತ್ತು. ಅಂದ್ರೆ ಸೋರಿಕೆ ಹಿಡಿಯೋದು ನಮ್ಮ ಮಕ್ಕಳ ಹೊಟ್ಟೆ ಕಾಯೋ ಕೆಲಸ. ಒಂದು ಸಾವಿರ ರೂಪಾಯಿ ಡಾಕ್ಟರಿಗೆ ಕೊಟ್ಟು ಬಂದ ಮೇಲೆ ಈ ಲೆಕ್ಕ ಚೆನ್ನಾಗಿ ಅರ್ಥ ಆಗ್ತದೆ.

ಎರಡನೇ ಮೀಟರ್ ಎಲ್ಲಿಗೆ? ಟ್ಯಾಂಕರಿಗೆ. 2024ರ ಬೇಸಿಗೆ ಯಾರೂ ಮರ್ತಿಲ್ಲ ಅಂದ್ಕೊತೀನಿ. ಆ ಮಾರ್ಚಿನಲ್ಲಿ ನಗರದ ಸರ್ಕಾರಿ ಬೋರ್‌ವೆಲ್ ಸುಮಾರು 14 ಸಾವಿರದಲ್ಲಿ 6,900 ಬತ್ತಿ ಹೋಗವೆ ಅಂತ ಸರ್ಕಾರವೇ ಹೇಳ್ತು. ಟ್ಯಾಂಕರ್ ರೇಟ್ ಆಕಾಶಕ್ಕೆ ಹೋದಾಗ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿಲೋಮೀಟರ್ ಒಳಗಾದ್ರೆ 6 ಸಾವಿರ ಲೀಟರ್‌ಗೆ 600 ರೂಪಾಯಿ, 12 ಸಾವಿರಕ್ಕೆ 1,000 ರೂಪಾಯಿ. ಆ 600ರ ಲೆಕ್ಕವೇ ಇಟ್ಕೊಂಡ್ರೂ ಸಾವಿರ ಲೀಟರ್‌ಗೆ 100 ರೂಪಾಯಿ. ಕಾವೇರಿ ನೀರಿಗೆ ಮನೆಗಳಿಗೆ ಮೊದಲ 8 ಸಾವಿರ ಲೀಟರ್‌ವರೆಗೆ ಸಾವಿರಕ್ಕೆ 7 ರೂಪಾಯಿ ಇತ್ತು. 2025ರ ಏಪ್ರಿಲ್‌ನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಆದ್ಮೇಲೆ ಏರಿಸಿದಾಗ ಲೀಟರಿಗೆ 0.15 ಪೈಸೆ ಸೇರಿ ಎಂಟೂವರೆ ರೂಪಾಯಿ ಆಯ್ತು. ಎಂಟೂವರೆ ರೂಪಾಯಿ ನೀರಿಗೆ ಸರ್ಕಾರಿ ಮೀಟರ್ ಬೇಕು, ನೂರು ರೂಪಾಯಿ ನೀರಿಗೆ ಮೀಟರೇ ಬೇಡ್ವಾ? ಆರು ಸಾವಿರ ಲೀಟರ್ ಅಂತ ಬರೆದಿರೋ ಟ್ಯಾಂಕರಲ್ಲಿ ನಿಜವಾಗ್ಲೂ ಆರು ಸಾವಿರ ಐತಾ ಅಂತ ಯಾವತ್ತಾದ್ರೂ ಯಾರಾದ್ರೂ ನೋಡಿದ್ದೀವಾ?

ನೋಡೋಕೆ ಒಂದು ಉಪಾಯ ಐತೆ, ಯಾವ ಆ್ಯಪೂ ಬೇಡ. ಸಂಪು ಎಂಟು ಅಡಿ ಉದ್ದ, ಆರು ಅಡಿ ಅಗಲ ಅಂದ್ರೆ ಒಂದು ಅಡಿ ಎತ್ತರಕ್ಕೆ ಸುಮಾರು 1,360 ಲೀಟರ್ ಹಿಡೀತದೆ. ಒಂದು ಉದ್ದ ಕೋಲಿಗೆ ಅಡಿ ಅಡಿಗೂ ಗೆರೆ ಹಾಕಿಟ್ಕೊಳ್ಳಿ. ಟ್ಯಾಂಕರ್ ಬಿಡೋಕ್ ಮುಂಚೆ ಒಂದ್ಸಲ, ಬಿಟ್ಟ ಮೇಲೆ ಒಂದ್ಸಲ ಮುಳುಗಿಸಿ ನೋಡಿ. ಆರು ಸಾವಿರ ನಿಜ ಆಗಿದ್ರೆ ನಾಲ್ಕು ಅಡಿ ಐದು ಇಂಚಿನಷ್ಟು ಏರಬೇಕು. ಮೂರೂವರೆಗೇ ನಿಂತ್ರೆ ಕೇಳಿ. ನಿಮ್ಮ ಸಂಪು ಬೇರೆ ಅಳತೆ ಆದ್ರೆ ಉದ್ದ ಅಗಲ ಅಡೀಲಿ ಗುಣಿಸಿ, ಅದನ್ನ 28ರಿಂದ ಗುಣಿಸಿ, ಅಡಿಗೆ ಎಷ್ಟು ಲೀಟರ್ ಅಂತ ಹತ್ತಿರ ಹತ್ತಿರ ಸಿಗ್ತದೆ. ಹೈಸ್ಕೂಲ್ ಮಕ್ಕಳ ಕೈಲಿ ಮಾಡಿಸಿ, ಅವಕ್ಕೂ ಲೆಕ್ಕ ಯಾಕೆ ಕಲೀಬೇಕು ಅಂತ ಗೊತ್ತಾಗ್ಲಿ.

ಮೂರನೇ ಮಾತು ಬಾಡಿಗೆ ಮನೆಯವರದ್ದು, ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಕಡೆ ಕಟ್ಟಡಗಳೆಲ್ಲ ಹೆಂಗಿವೆ ಗೊತ್ತಲ್ಲ, ಕೆಳಗೆ ಓನರ್ರು, ಮೇಲೆ ನಾಲ್ಕೋ ಆರೋ ಬಾಡಿಗೆ ಮನೆ, ಎಲ್ಲಕ್ಕೂ ಒಂದೇ ಸಂಪು, ಒಂದೇ ಮೋಟರ್. ನೀರಿನ ದುಡ್ಡು ತಲೆಗಿಷ್ಟು ಅಂತ. ಯಾರೋ ಒಬ್ಬ ಹೆಣ್ಮಗಳು ಹೇಳ್ತಿದ್ಲು: ಅವಳ ತಾಯಿ ಬಾಣಂತನಕ್ಕೆ ಅಂತ ಊರಿಂದ ಬಂದು ಒಂದು ತಿಂಗಳು ಇದ್ರೆ ಓನರ್ ಆಂಟಿ ನೀರಿನ ದುಡ್ಡಿಗೆ ಇನ್ನೊಂದು ತಲೆ ಸೇರಿಸಿದ್ರಂತೆ. ಪಕ್ಕದ ಮನೇಲಿ ದಿನಾ ವಾಷಿಂಗ್ ಮಷೀನ್ ಎರಡು ಸಲ ಓಡ್ತದೆ, ಅವರು ಇಬ್ರೇ ಅಂತ ಅವರಿಗೆ ಕಮ್ಮಿ. ಹಸುಗೂಸಿನ ಬಟ್ಟೆ ಒಗೆಯೋ ತಾಯಿ ನಲ್ಲಿ ತಿರುಗಿಸುವಾಗ ಮೇಲಿಂದ ಯಾರಾದ್ರೂ ನೋಡ್ತಾರಾ ಅಂತ ಹೆದರ್ಬೇಕಾ? ಓನರ್ರನ್ನೂ ಪೂರ್ತಿ ಬೈಯೋಕಾಗಲ್ಲ, ಟ್ಯಾಂಕರ್ ದುಡ್ಡು ಕೈಯಿಂದ ಹೋಗೋದು ಅವರದ್ದೇ. ಆದ್ರೆ ಅಳತೆ ಇಲ್ದಿದ್ದಾಗ ಅನುಮಾನ ಬರ್ತದೆ, ಅನುಮಾನ ಬಂದಾಗ ಬೈಗುಳ ಬೀಳೋದು ಮನೇಲಿರೋ ಹೆಂಗಸಿಗೇ. ಆಫೀಸಿಗೆ ಹೋಗೋ ಗಂಡನ್ನ ಯಾರೂ "ಎಷ್ಟು ಹೊತ್ತು ಶವರ್ ಹಾಕ್ಕೊಂಡ್ರಿ" ಅಂತ ಕೇಳಲ್ಲ.

ಇಲ್ಲಿ ಒಂದು ಸೂಕ್ಷ್ಮ ಐತೆ, ಸ್ಮಾರ್ಟ್ ಮೀಟರ್ ಮಾರೋರು ಬಾಯಿ ಬಿಟ್ಟು ಹೇಳಲ್ಲ. ಜಲಮಂಡಳಿ ಮೀಟರ್ ಇರೋದು ಗೇಟಿನ ಹತ್ರ, ಸಂಪಿಗಿಂತ ಮುಂಚೆ. ಅದು ಸಂಪಿಗೆ ಎಷ್ಟು ಬಿತ್ತು ಅಂತ ಹೇಳ್ತದೆ ಅಷ್ಟೆ. ಸಂಪು ಬಿರುಕು ಬಿಟ್ಟಿದ್ರೆ, ಮೇಲಿನ ಟ್ಯಾಂಕ್ ಉಕ್ಕಿ ಹೋಗ್ತಿದ್ರೆ, ಎರಡನೇ ಮಹಡಿ ಫ್ಲಷ್ ಸೋರ್ತಿದ್ರೆ ಅದಕ್ಕೆ ಏನೂ ಗೊತ್ತಾಗಲ್ಲ. ಮನೆಮನೆ ಲೆಕ್ಕ ಸಿಗಬೇಕಂದ್ರೆ ಮೇಲಿನ ಟ್ಯಾಂಕಿನಿಂದ ಇಳಿಯೋ ಪೈಪಿಗೆ ಮನೆಗೊಂದು ಮೀಟರ್ ಬೇಕು. ಅಪಾರ್ಟ್‌ಮೆಂಟುಗಳಲ್ಲಿ ಈಗ ಹಂಗೇ ಮಾಡ್ತಾವ್ರೆ, ಅಡುಗೆ ಮನೆಗೆ ಒಂದು, ಬಚ್ಚಲಿಗೆ ಒಂದು ಅಂತ ಹಾಕಿ ಮೊಬೈಲಲ್ಲಿ ನಂಬರ್ ತೋರಿಸ್ತಾರೆ. ವಾಟರ್‌ಆನ್ ಅಂತ ಬೆಂಗಳೂರಿನದ್ದೇ ಒಂದು ಮೀಟರ್ ಐತೆ. ನಮ್ಮ ನಾಲ್ಕು ಮನೆ ಕಟ್ಟಡಕ್ಕೆ ಅಷ್ಟು ದುಬಾರಿದೂ ಬೇಕಿಲ್ಲ, ಇಳಿಯೋ ಪೈಪಿಗೆ ಸಾಮಾನ್ಯ ಚಕ್ರದ ಮೀಟರ್ ಹಾಕಿ ತಿಂಗಳ ಕೊನೇಲಿ ಓನರ್ರೂ ಬಾಡಿಗೆಯವರೂ ಒಟ್ಟಿಗೆ ನಿಂತು ನೋಡಿದ್ರೂ ಅರ್ಧ ಜಗಳ ನಿಲ್ತದೆ. ನಂಬರ್ ಇಬ್ಬರಿಗೂ ಕಾಣಬೇಕು, ಅದು ಮುಖ್ಯ.

ನಂಬರ್ ಬೀದಿಗೆಲ್ಲ ಕಾಣಬೇಕು ಅಂತ ನಾನು ಹೇಳಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನಲ್ಲಿ 2018ರಲ್ಲಿ ನೀರು ಪೂರ್ತಿ ಮುಗಿಯೋ ಸ್ಥಿತಿ ಬಂದಾಗ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ರು. ಕಮ್ಮಿ ಬಳಸೋ ಮನೆಗಳಿಗೆ ಹಸಿರು ಚುಕ್ಕಿ ಇಟ್ಟು ನಗರದ ಭೂಪಟಾನೇ ಎಲ್ಲರಿಗೂ ಕಾಣಂಗೆ ಹಾಕಿದ್ರು. ಅಲ್ಲಿ ಆ ಹೊತ್ತಿಗೆ ಅದು ಸರಿ ಇದ್ದಿರಬಹುದು. ನಮ್ಮ ಬೀದೀಲಿ ಹಂಗೆ ಮಾಡಿದ್ರೆ ಹಾಸಿಗೆ ಹಿಡಿದ ಅತ್ತೆ ಇರೋ ಮನೆ, ಹಸುಗೂಸು ಇರೋ ಮನೆಗೇ ಮೊದಲು ಬೆರಳು ತೋರಿಸ್ತಾರೆ. ಯಾಕೆ ಜಾಸ್ತಿ ಅಂತ ನಂಬರ್ ಹೇಳಲ್ಲ. ಅದಕ್ಕೆ ಮನೆ ಲೆಕ್ಕ ಮನೆಯವರಿಗೆ ಇರಲಿ, ಬಡಾವಣೆ ಸೋರಿಕೆ ಲೆಕ್ಕ ಎಲ್ಲರಿಗೂ ಕಾಣಲಿ. ಈ ತಿಂಗಳು ನಿಮ್ಮ ಬಡಾವಣೆಗೆ ಇಷ್ಟು ಬಿಟ್ವಿ, ಇಷ್ಟು ಸೇರ್ತು, ಇಷ್ಟು ಹೋಯ್ತು ಅಂತ ಬೋರ್ಡ್ ಹಾಕ್ಲಿ.

ದುಡ್ಡಿನ ಮಾತು. 2025ರಲ್ಲಿ ಬೆಸ್ಕಾಂ ಹೊಸ ಕನೆಕ್ಷನ್ನಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಸಿಂಗಲ್ ಫೇಸಿಗೇ ಸುಮಾರು 5 ಸಾವಿರ ರೂಪಾಯಿ ಅಂತ ಎಷ್ಟು ಗಲಾಟೆ ಆಯ್ತು! ನೀರಿನ ಮೀಟರಿಗೂ ಅದೇ ಕಥೆ ಆಗ್ಬಾರ್ದು. ಸೋರಿಕೆ ನಿಂತ್ರೆ ಮೊದಲ ಲಾಭ ನೀರು ಮಾರೋ ಮಂಡಳಿಗೇ, ಪಂಪಿನ ಕರೆಂಟ್ ಉಳಿಯೋದೂ ಅದಕ್ಕೇ. ಹಂಗಾಗಿ ಮೀಟರ್ ಖರ್ಚೂ ಮಂಡಳಿಯೇ ಹೊರಬೇಕು, ಇಲ್ಲಾಂದ್ರೆ ವರ್ಷಗಟ್ಟಲೆ ಸಣ್ಣ ಸಣ್ಣ ಕಂತಲ್ಲಿ ತಗೋಬೇಕು. ಇನ್ನೊಂದು, ದುಡ್ಡು ಮುಗಿದ ತಕ್ಷಣ ಆಫೀಸಿಂದಲೇ ನಲ್ಲಿ ಮುಚ್ಚೋ ಮೀಟರ್ ಬೇಡವೇ ಬೇಡ. ಕರೆಂಟ್ ಹೋದ್ರೆ ಮೇಣದ ಬತ್ತಿ ಐತೆ, ನೀರು ಹೋದ್ರೆ ಏನು ಹಚ್ಕೊಳ್ಳೋದು?

ಕೆಲವರು ಕೇಳ್ತಾರೆ, "ಇದೆಲ್ಲ ಬಂದು ಮುಗಿಯೋ ಹೊತ್ತಿಗೆ ನಾವಿರ್ತೀವಾ" ಅಂತ. ಅದು ಬರೋವರೆಗೂ ಮನೇಲಿ ಮಾಡೋ ಮೂರು ಕೆಲಸ ಹೇಳ್ತೀನಿ. ಒಂದು, ರಾತ್ರಿ ಮಲಗೋಕ್ ಮುಂಚೆ ಮೇಲಿನ ಟ್ಯಾಂಕಿನಲ್ಲಿ ನೀರು ಎಲ್ಲಿಗಿದೆ ಅಂತ ಕಡ್ಡಿ ಇಳಿಸಿ ಗುರುತು ಮಾಡಿ. ಮೋಟರ್ ಆಫ್ ಇರ್ಲಿ, ಯಾರೂ ನೀರು ಬಳಸಬೇಡಿ. ಬೆಳಗ್ಗೆ ಇಳಿದಿದ್ರೆ ಮನೆಯೊಳಗೆ ಎಲ್ಲೋ ಸೋರ್ತಾ ಐತೆ ಅಂತ ಅರ್ಥ. ಎರಡು, ಫ್ಲಷ್ ಟ್ಯಾಂಕಿನೊಳಗೆ ಅರ್ಧ ಲೋಟ ಕಾಫಿ ಡಿಕಾಕ್ಷನ್ ಸುರಿದು ಅರ್ಧ ಗಂಟೆ ಬಿಡಿ, ಫ್ಲಷ್ ಮಾಡದೆಯೇ ಕೆಳಗೆ ಬಣ್ಣ ಇಳಿದಿದ್ರೆ ಒಳಗಿನ ರಬ್ಬರ್ ಹೋಗಿದೆ. ಸದ್ದಿಲ್ದೆ ನೀರು ಕುಡಿಯೋ ಕಳ್ಳ ಅದು. ಮೂರು, ತೊಟ್ಟಿಕ್ಕೋ ನಲ್ಲಿ. ಸೆಕೆಂಡಿಗೆ ಒಂದು ತೊಟ್ಟು ಅಂದ್ರೂ ದಿನಕ್ಕೆ ಇಪ್ಪತ್ತು ಲೀಟರ್ ಮೇಲಾಗ್ತದೆ, ನಾವು ಕುಡಿಯೋಕೆ ತರಿಸೋ ಒಂದು ಕ್ಯಾನ್ ಅಷ್ಟು. ವಾಷರ್ ಬೆಲೆ ಒಂದು ಕಟ್ಟು ಸೊಪ್ಪಿನ ಬೆಲೆ. ರಸ್ತೇಲಿ ಕಾವೇರಿ ಪೈಪ್ ಒಡೆದು ಹರೀತಿದ್ರೆ 1916ಕ್ಕೆ ಫೋನ್ ಮಾಡಿ, ಕಂಪ್ಲೇಂಟ್ ನಂಬರ್ ಬರೆದಿಟ್ಕೊಳ್ಳಿ. ಬೇರೆಯವರು ಮಾಡಿರ್ತಾರೆ ಅಂತ ಸುಮ್ಮನಿರಬೇಡಿ.

ನಮ್ಮ ಮಾಗಡಿ ರೋಡಲ್ಲೇ ಮುಂದಕ್ಕೆ ಹೋದ್ರೆ ತಿಪ್ಪಗೊಂಡನಹಳ್ಳಿ ಐತಲ್ಲ, ಅರ್ಕಾವತಿ, ಕುಮುದ್ವತಿ ಸೇರೋ ಜಾಗ. 1933ರಲ್ಲಿ ಅಲ್ಲಿ ಚಾಮರಾಜಸಾಗರ ಕಟ್ಟಿದ್ರು. ಕಾವೇರಿ ಬರೋಕ್ ಮುಂಚೆ ಬೆಂಗಳೂರು ಕುಡೀತಿದ್ದಿದ್ದು ಆ ಕೆರೆ, ಹೆಸರಘಟ್ಟ ಕೆರೆ ನೀರೇ. ಆಮೇಲೆ ಹೊಳೆಗೆ ಬರೋ ನೀರು ಕಮ್ಮಿ ಆಯ್ತು, ಕೊಳಚೆ ಸೇರ್ತು, ನಗರಕ್ಕೆ ಅಲ್ಲಿಂದ ನೀರು ಬರೋದೇ ನಿಂತು ಹೋಯ್ತು. ಮನೆ ಹತ್ತಿರದ ನೀರು ಕಳ್ಕೊಂಡು ನೂರು ಕಿಲೋಮೀಟರ್ ದೂರದ ನೀರಿಗೆ ಕೈಚಾಚಿದ್ದೀವಿ. ಅದನ್ನೂ ದಾರೀಲಿ ಚೆಲ್ಕೊಂಡು ಬಂದ್ರೆ ಇನ್ಮುಂದೆ ಯಾವ ಹೊಳೆಗೆ ಹೋಗೋದು?

ಆದ್ದರಿಂದ ಅಕ್ಕಂದಿರಾ, ಮೀಟರ್ ಬಂದ್ರೆ ಗೇಟ್ ಮುಚ್ಚಿ ವಾಪಸ್ ಕಳಿಸ್ಬೇಡಿ. ಹಾಕೋಕೆ ಬಂದೋರನ್ನ ನಿಲ್ಲಿಸಿ ಕೇಳಿ: ನಮ್ಮ ಬಡಾವಣೆ ದೊಡ್ಡ ಪೈಪಿಗೆ ಹಾಕಿದ್ದೀರಾ? ಟ್ಯಾಂಕರಿಗೆ ಯಾವಾಗ? ನಂಬರ್ ಬಾಡಿಗೆ ಮನೆಯವರಿಗೂ ಕಾಣ್ತದಾ? ಖರ್ಚು ಯಾರದ್ದು? ವಾರ್ಡ್ ಮೀಟಿಂಗ್ ಆದ್ರೆ ಗಂಡಸರನ್ನ ಮಾತ್ರ ಕಳಿಸ್ಬೇಡಿ, ನೀವೇ ಹೋಗಿ. ನೀರು ಬರೋ ಹೊತ್ತಿಗೆ ಎದ್ದು ಮೋಟರ್ ಹಾಕೋರು ನಾವು, ಟ್ಯಾಂಕರಿಗೆ ಫೋನ್ ಮಾಡೋರು ನಾವು, ಇನ್ನೆರಡು ದಿನಕ್ಕೆ ಸಾಕಾಗ್ತದಾ ಅಂತ ಸಂಪಿಗೆ ಇಣುಕೋರೂ ನಾವೇ. ನೀರಿನ ಲೆಕ್ಕ ಹಾಕೋ ಕಡೆ ನಮ್ಮದೊಂದು ಕುರ್ಚಿ ಇರಲೇಬೇಕು.